ಸಹಾಯ ಬೇಕು: ಇನ್ಫ್ಯೂಷನ್ ಪಂಪ್ ಟೀಮ್‌ಗೆ ಎಂಥವರನ್ನು ಸೇರಿಸಿಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಾನು ಇನ್ಫ್ಯೂಷನ್ ಪಂಪ್ (ರೋಗಿಯ ದೇಹಕ್ಕೆ ಟ್ಯೂಬ್ ಮೂಲಕ ಔಷಧಿ ಹರಿಸುವ ಯಂತ್ರ) ತಯಾರಿಸುವ ಟೀಮ್ ನೋಡಿಕೊಳ್ಳುತ್ತೇನೆ. ಅಲಾರಂ ಯಾವಾಗ ಕೂಗಬೇಕು ಅನ್ನೋದಕ್ಕೆ ಈಗ ಎಐ ತರುತ್ತಿದ್ದೇವೆ. ಇಬ್ಬರು ಹೊಸಬರು ಬೇಕು.

ಸಂದರ್ಶನಕ್ಕೆ ಬಂದವರು ಕೋಡ್ ಚೆನ್ನಾಗಿ ಬರೆಯುತ್ತಾರೆ. ಆದರೆ "ಟ್ಯೂಬಿನಲ್ಲಿ ಗಾಳಿಗುಳ್ಳೆ ಬಂದೂ ಅಲಾರಂ ಕೂಗದಿದ್ದರೆ ರೋಗಿಗೆ ಏನಾಗುತ್ತೆ?" ಅಂದರೆ ಸುಮ್ಮನಾಗುತ್ತಾರೆ. ಐಎಸ್‌ಒ 14971 (ವೈದ್ಯಕೀಯ ಸಾಧನಗಳ ಅಪಾಯ ನಿರ್ವಹಣೆಯ ಮಾನದಂಡ), ಐಇಸಿ 62304 (ಅವುಗಳ ಸಾಫ್ಟ್‌ವೇರ್‌ನ ಮಾನದಂಡ) ಹೆಸರೂ ಕೇಳಿಲ್ಲ. ಅವೆರಡನ್ನೂ ಅರೆದು ಕುಡಿದ ಹಳಬರು ನಮ್ಮಲ್ಲಿದ್ದಾರೆ. ಸಿರಿಂಜ್ ಹಿಡಿದು ಒಂದೊಂದೇ ಗುಳ್ಳೆ ಬಿಟ್ಟು ಪರೀಕ್ಷೆ ಮಾಡುವವರು. ಈಗ ಅವರಿಗೆ ಕೆಲಸ ಹೋಗುವ ಭಯ. ಅವರನ್ನು ಕಳೆದುಕೊಳ್ಳಲು ನನಗೆ ಖಂಡಿತ ಇಷ್ಟವಿಲ್ಲ.

ಹಳಬರಿಗೇ ಡೇಟಾ ಕೆಲಸ ಕಲಿಸಿದವರು ಇದ್ದೀರಾ? ಎಷ್ಟು ತಿಂಗಳು ಹಿಡಿಯಿತು? ಹೊಸಬರನ್ನು ಅವರ ಪಕ್ಕದಲ್ಲೇ ಕೂರಿಸಿದರೆ ಹೊಂದಿಕೊಳ್ಳುತ್ತಾರಾ? ಸಂದರ್ಶನದಲ್ಲಿ ನೀವು ಏನು ಕೇಳುತ್ತೀರಿ, ದಯವಿಟ್ಟು ಅದನ್ನೂ ತಿಳಿಸಿ.