ಹೈಸ್ಕೂಲಿನಲ್ಲಿ ಬಿದ್ದಿರುವ 22 ಸರ್ಕಾರಿ ಸೈಕಲ್: ಏನೇನು ಸಾಮಾನು, ಎಷ್ಟೆಷ್ಟು ತರಬೇಕು?

ತುಂಗಾತೀರ_ಸವಾರ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸೈಕ್ಲಿಂಗ್ ಕ್ಲಬ್ ಕಡೆಯಿಂದ ಪಕ್ಕದ ಸರ್ಕಾರಿ ಹೈಸ್ಕೂಲಿನ ಶೆಡ್ಡಲ್ಲಿ ತುಕ್ಕು ಹಿಡಿಯುತ್ತಿರುವ 22 ಸೈಕಲ್ ರಿಪೇರಿ ಮಾಡಿಸಿ, ದೂರದಿಂದ ನಡೆದು ಬರುವ ಮಕ್ಕಳಿಗೆ ಕೊಡಿಸೋಣ ಅಂತ ಇದ್ದೇವೆ. ಎಲ್ಲವೂ ಎಂಟನೇ ಕ್ಲಾಸಿಗೆ ಕೊಡುತ್ತಿದ್ದ ಸೈಕಲ್‌ಗಳು. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಹೊತ್ತಿಗೆ ನಿಂತಿತು, ಆಮೇಲೆ ಈ ಶಾಲೆಗೆ ಹೊಸದು ಬಂದಿಲ್ಲ.

ನಾವು ಹತ್ತು ಜನ, ಎಲ್ಲರದ್ದೂ ಗೇರ್ ಸೈಕಲ್. ಅಲೆನ್ ಕೀ, ಚೈನ್ ಟೂಲ್, ಫ್ಲೋರ್ ಪಂಪ್ ಎಲ್ಲ ಇದೆ. ಆದರೆ ಈ ಸೈಕಲ್‌ನಲ್ಲಿ ಅಲೆನ್ ಬೋಲ್ಟ್ ಒಂದೂ ಇಲ್ಲ! 15 ಸೈಕಲ್‌ಗಳಲ್ಲಿ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಟಕ್ ಟಕ್ ಅಂತ ಅಲ್ಲಾಡುತ್ತದೆ. ನಾಲ್ಕರಲ್ಲಿ ಪೆಡಲ್ ಮುಂದಕ್ಕೂ ಹಿಂದಕ್ಕೂ ಸುಮ್ಮನೆ ತಿರುಗುತ್ತದೆ, ಚಕ್ರ ಓಡುವುದಿಲ್ಲ. ಗಾಳಿ ಹೊಡೆದರೆ ಅರ್ಧ ಗಂಟೆ ನಿಲ್ಲುವುದಿಲ್ಲ. ಕ್ಲಬ್ಬಿನವರು ಕೊಟ್ಟ ಹಳೇ ಎಂಟಿಬಿ (ಮೌಂಟನ್ ಬೈಕ್) ಟೈರ್ ಇವೆ, ಅದರ ಮೇಲೂ 26 ಅಂತಲೇ ಇದೆ, ಆದರೆ ರಿಮ್ಮಿಗೆ ಹತ್ತುತ್ತಲೇ ಇಲ್ಲ.

ಒಂದು ಭಾನುವಾರದಲ್ಲಿ ಮುಗಿಸಬಹುದಾ? ಪಟ್ಟಿ ಹೇಗೆ ಮಾಡಬೇಕು?

ಕೋನ್_ಕಪ್ಪು

ಒಂದು ಭಾನುವಾರಕ್ಕೆ ಆಗುವ ಕೆಲಸ ಅಲ್ಲ ಸಾರ್. ಪೂರ್ತಿ ಬಿಚ್ಚಿ ಜೋಡಿಸುವುದು (ಅಂಗಡಿಗಳಲ್ಲಿ ‘ಓವರಾಯಿಲಿಂಗ್’ ಅಂತಾರಲ್ಲ, ಅದೇ) ಕೈ ಪಳಗಿದವರಿಗೂ ಒಂದಕ್ಕೆ ಎರಡೂವರೆ, ಮೂರು ಗಂಟೆ ಹಿಡಿಯುತ್ತದೆ. ಮೊದಲ ವಾರ ಬರೀ ತಪಾಸಣೆ ಮಾಡಿ. ಪ್ರತಿ ಸೈಕಲ್‌ಗೂ ಒಂದು ಚೀಟಿ ಕಟ್ಟಿ, ಏನು ಬೇಕು ಅಂತ ಬರೆಯಿರಿ. ಫ್ರೇಮ್ ಬೆಸುಗೆ ಬಿಟ್ಟಿರುವುದು, ಫೋರ್ಕ್ ಬಾಗಿರುವುದು ಸಿಕ್ಕರೆ ಅದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ. 22ರಲ್ಲಿ 17 ಓಡಿದರೆ ಸಾಕು. ಹಟಕ್ಕೆ ಬಿದ್ದು 22ನ್ನೂ ಎಬ್ಬಿಸಲು ಹೋದರೆ ದುಡ್ಡೆಲ್ಲ ಕೊನೆಯ ಐದಕ್ಕೇ ಸುರಿಯುತ್ತದೆ.

ಅದಕ್ಕೂ ಮುಂಚೆ ಇನ್ನೊಂದು. ಈ ಸೈಕಲ್ ಕೊಟ್ಟದ್ದು ಮಕ್ಕಳಿಗೆ, ಶಾಲೆಗಲ್ಲ. ಬಿಟ್ಟುಹೋದವರು ನಾಳೆ ಬಂದು ಕೇಳಬಹುದು. ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ) ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಫ್ರೇಮ್ ನಂಬರ್ ಬರೆದಿಡಿ.

ಈಗ ಗುಂಡಿನ, ಅಂದರೆ ಬೇರಿಂಗಿನ ಉಕ್ಕಿನ ಗೋಲಿಯ ಲೆಕ್ಕ. ಬಿಬಿಗೆ (ಬಾಟಮ್ ಬ್ರಾಕೆಟ್, ಕ್ರ್ಯಾಂಕಿನ ಅಚ್ಚು ತಿರುಗುವ ಜಾಗ) ಒಂದು ಬದಿಗೆ ಕಾಲು ಇಂಚಿನ ಗುಂಡು 11, ಎರಡು ಬದಿಗೆ 22. ಹಿಂದಿನ ಚಕ್ರದ ನಡುವಿನ ಹಬ್ಬಿಗೆ ಅದೇ ಕಾಲು ಇಂಚಿನದು ಬದಿಗೆ 9ರಂತೆ 18. ಅಲ್ಲಿಗೆ ಸೈಕಲ್‌ಗೆ 40, ಒಟ್ಟು 880. ಮುಂದಿನ ಹಬ್ಬಿಗೆ 3/16 ಇಂಚಿನದು ಬದಿಗೆ 10, ಒಟ್ಟು 440. ಹೋಲ್‌ಸೇಲಿನಲ್ಲಿ ಗ್ರೋಸ್ ಲೆಕ್ಕ, ಅಂದರೆ 144. ಕಾಲು ಇಂಚಿನದು 7 ಗ್ರೋಸ್, 3/16 ಇಂಚಿನದು 4 ಗ್ರೋಸ್ ತನ್ನಿ. ಹಳೇ ಗುಂಡು ಹೊಳೆಯುತ್ತಿದೆ ಅಂತ ಅರ್ಧ ಹಳೇದು ಅರ್ಧ ಹೊಸದು ಬೆರೆಸಬೇಡಿ. ಸವೆದದ್ದು ಕೂದಲೆಳೆಯಷ್ಟು ಸಣ್ಣದಾಗಿರುತ್ತದೆ, ಭಾರವೆಲ್ಲ ಹೊಸದರ ಮೇಲೆ ಬಿದ್ದು ಕಪ್ಪಿನಲ್ಲಿ (ಗುಂಡು ಕೂರುವ ಬಟ್ಟಲು) ಗುಳಿ ಬೀಳುತ್ತದೆ. ಗುಂಡು ಸುತ್ತ ಜೋಡಿಸಿದಾಗ ಇನ್ನೊಂದು ಅರ್ಧ ಹಿಡಿಸುವಷ್ಟು ಜಾಗ ಉಳಿಯಬೇಕು. ತುರುಕಿ ತುಂಬಿದರೆ ಒಂದಕ್ಕೊಂದು ಉಜ್ಜುತ್ತವೆ.

ಬಿಬಿಯ ಬಲಗಡೆ ಕಪ್ಪು, ಅಂದರೆ ಚೈನಿನ ಬದಿಯದು, ಉಲ್ಟಾ ಥ್ರೆಡ್. ಬಿಚ್ಚಬೇಕಾದರೆ ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಗುಳಿ ಬಿದ್ದಿಲ್ಲದಿದ್ದರೆ ಅದನ್ನು ಬಿಚ್ಚಲೇಬೇಡಿ, ಇದ್ದಲ್ಲೇ ಬಟ್ಟೆಯಿಂದ ಒರೆಸಿ. ಎಡ ಪೆಡಲ್ ಕೂಡ ಉಲ್ಟಾ. ಗೊತ್ತಿಲ್ಲದೆ ಎಡ ಪೆಡಲನ್ನು ಬಲ ಕ್ರ್ಯಾಂಕಿಗೆ ತಿರುಪಿದರೆ ಕ್ರ್ಯಾಂಕಿನ ಥ್ರೆಡ್ ಹೋದ ಹಾಗೇ.

ಹಬ್ಬಿನ ಕೋನ್ (ಗುಂಡನ್ನು ಕಪ್ಪಿಗೆ ಒತ್ತಿ ಹಿಡಿಯುವ ತಿರುಪು) ಬಿಗಿ ಸರಿಯಾಯಿತೋ ಇಲ್ಲವೋ ನೋಡಲು ಯಾವ ಟೂಲೂ ಬೇಡ. ಮುಂದಿನ ಚಕ್ರ ಮೇಲಕ್ಕೆತ್ತಿ, ಗಾಳಿಯ ವಾಲ್ವ್ ಮೂರು ಗಂಟೆಯ ಮುಳ್ಳಿನ ಜಾಗಕ್ಕೆ ತಂದು ಕೈ ಬಿಡಿ. ತನ್ನ ಭಾರಕ್ಕೆ ತಾನೇ ಕೆಳಗಿಳಿದು, ಆಚೆ ಈಚೆ ತೂಗಿ ನಿಲ್ಲಬೇಕು. ಅಲ್ಲೇ ನಿಂತರೆ ಬಿಗಿ ಜಾಸ್ತಿ. ರಿಮ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಕಟಕಟ ಅಂದರೆ ಸಡಿಲ.

ಪೆಡಲ್ ಸುಮ್ಮನೆ ತಿರುಗುವ ನಾಲ್ಕರಲ್ಲಿ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಗಾಲಿ) ಕೆಟ್ಟಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಒಳಗಿನ ನಾಯಿಗಳು (ಹಲ್ಲಿಗೆ ಸಿಕ್ಕಿಕೊಳ್ಳುವ ತುಂಡುಗಳು) ಗಟ್ಟಿಯಾದ ಜಿಡ್ಡಿನಲ್ಲಿ ಅಂಟಿಕೊಂಡಿರುತ್ತವೆ. ಚಕ್ರ ಮಲಗಿಸಿ, ಫ್ರೀವೀಲ್ ಸಂದಿಗೆ ಡೀಸೆಲ್ ಬಿಡುತ್ತಾ ತಿರುಗಿಸಿ. ಕಪ್ಪು ನೀರು ಇಳಿದು, ಕಟಕಟ ಸದ್ದು ವಾಪಸ್ ಬಂದರೆ ಬದುಕಿತು. ಆಮೇಲೆ ತೆಳು ಎಣ್ಣೆ ನಾಲ್ಕು ಹನಿ. ಗ್ರೀಸ್ ಬೇಡ, ಮತ್ತೆ ಅದೇ ಕಥೆ.

ಮಲಪ್ರಭಾ_ಪೆಡಲ್

ಟಕ್ ಟಕ್ ಅನ್ನೋದು ಕಾಟರ್ ಪಿನ್ (ಕ್ರ್ಯಾಂಕನ್ನ ಅಚ್ಚಿಗೆ ಹಿಡಿಸೋ ಬೆಣಿ) ರೀ, ಬ್ಯಾರೆ ಏನೂ ಅಲ್ಲ. ಕಿಟ್ ಬಂದಾಗ ಗಡಿಬಿಡಿಯೊಳಗ ಜೋಡಿಸಿರ್ತಾರ, ಮತ್ತ ಯಾರೂ ಬಿಗಿ ಮಾಡಿರಂಗಿಲ್ಲ. ಸಡಿಲ ಪಿನ್ನಿನ ಮ್ಯಾಲೆ ತುಳಿದು ತುಳಿದು ಅದರ ಚಪ್ಪಟಿ ಮುಖದಾಗ ಮೆಟ್ಟಲಾ ಬಿದ್ದಿರ್ತದ. ಆ ಪಿನ್ನ ಎಷ್ಟು ಬಿಗಿ ಮಾಡಿದ್ರೂ ನಿಲ್ಲಂಗಿಲ್ಲ, ಹೊಸಾದೇ ಹಾಕ್ರಿ, ಎರಡೂ ಕಡೆ ಕೂಡೇ.

ಸುಮ್ಮನ ಸುತ್ತಿಗಿ ಹಚ್ಚಬ್ಯಾಡ್ರಿ. ಹಿಂದಿನ ರಾತ್ರಿ ಡೀಸೆಲ್ ಬಿಟ್ಟು ಇಡ್ರಿ (ಸೀಮಿಎಣ್ಣಿ ಈಗ ಎಲ್ಲಿ ಸಿಗ್ತದ). ಮುಂಜಾನೆ ನಟ್ ಪೂರಾ ತೆಗೀಬ್ಯಾಡ್ರಿ, ಪಿನ್ನಿನ ತುದಿಗೆ ಸಮ ಬರೋ ಹಂಗ ಸಡಿಲ ಮಾಡ್ರಿ, ಥ್ರೆಡ್ ಉಳೀತದ. ಕ್ರ್ಯಾಂಕಿನ ಕೆಳಗ, ಪಿನ್ನಿನ ದಪ್ಪ ತಲಿ ಬರೋ ಕಡೆ, ಒಂದು ಕಬ್ಬಿಣದ ಪೈಪ್ ನೆಲಕ್ಕ ಊರಿ ನಿಲ್ಲಿಸ್ರಿ. ತಲಿ ಪೈಪಿನ ತೂತಿನೊಳಗ ಇಳೀಬೇಕು. ಈಗ ಒಂದೇ ಏಟು, ಜೋರಾಗಿ. ಸಣ್ಣ ಸಣ್ಣ ಏಟು ಹತ್ತು ಹೊಡೆದ್ರ ತುದಿ ಅಣಬಿ ಹಂಗ ಅರಳಿ ಪಿನ್ ಅಲ್ಲೇ ಕೂಡ್ತದ. ಪೈಪ್ ಇಲ್ಲದ ಹೊಡೆದ್ರ ಏಟೆಲ್ಲಾ ಗುಂಡಿನ ಮ್ಯಾಲೆ ಬಿದ್ದು ಕಪ್ಪಿನಾಗ ಗುಳಿ.

ಅಳತಿ 9.5 ಎಂಎಂ ಇರ್ತದ, ಅಲ್ಲಲ್ಲಿ 9 ಎಂಎಂದೂ ಅದಾವ. ಎಲ್ಲಾ ಬಿಚ್ಚಿ ಕ್ಯಾಲಿಪರ್ ಹಚ್ಚಿ ನೋಡಿದ ಮ್ಯಾಲೆ ತರ್ರಿ. 44 ಬೇಕು, 55 ತರ್ರಿ, ಚಪ್ಪಟಿ ಮುಖ ಸರಿ ಕೂಡೂ ಹಂಗ ಅರದಿಂದ ಉಜ್ಜೂ ಮುಂದ ಕೆಲವು ಹಾಳಾಗ್ತಾವ. ಹಾಕೂ ಮುಂದ ಒಂದರ ನಟ್ ಮ್ಯಾಲೆ ಇದ್ರ ಇನ್ನೊಂದರದು ಕೆಳಗ ಬರಬೇಕು, ಎರಡನ್ನೂ ಅಷ್ಟೇ ಉಜ್ಜಬೇಕು. ತಪ್ಪಿದ್ರ ಪೆಡಲ್ ಎರಡೂ ಒಂದೇ ಗೆರಿಯಾಗ ಬರಂಗಿಲ್ಲ, ತುಳಿಯೋ ಹುಡುಗ ಕುಂಟಿದಂಗ ಕಾಣ್ತಾನ. ನಟ್ ಎಳೆದು ಪಿನ್ ಒಳಗ ತರಬ್ಯಾಡ್ರಿ, ಥ್ರೆಡ್ ಕಿತ್ತು ಬರ್ತದ. ಬಡಿದು ಕೂಡಿಸಿ, ಆಮ್ಯಾಲೆ ನಟ್. ಒಂದು ದಿನ ಓಡಿಸಿ ಮತ್ತ ಬಡಿದು ಬಿಗಿ ಮಾಡ್ರಿ, ಇದನ್ನ ಮಾತ್ರ ಮರೀಬ್ಯಾಡ್ರಿ.

ಗಾಳಿ_ಪಂಪು

ಟೈರ್ ವಿಷಯ. ‘26’ ಅನ್ನುವುದು ಅಳತೆಯೇ ಅಲ್ಲ, ಹೆಸರು. ಟೈರಿನ ಪಕ್ಕೆಯಲ್ಲಿ ಸಣ್ಣಕ್ಷರದಲ್ಲಿ 37-590 ಅಂತ ಇರುತ್ತದೆ, ಅದರ ಎರಡನೇ ಸಂಖ್ಯೆ ಮಾತ್ರ ನೋಡಿ. ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ ಅದು, ಮಿಲಿಮೀಟರಿನಲ್ಲಿ. 26 × 1⅜ ಅಂದರೆ 590. 26 × 1½ ಅಂದರೆ 584. ನಿಮ್ಮ ಎಂಟಿಬಿಯ 26 × 1.95 ಅಂದರೆ 559. ಮೂರು ಸೆಂಟಿಮೀಟರ್ ಚಿಕ್ಕದು, ಜನ್ಮದಲ್ಲಿ ಹತ್ತುವುದಿಲ್ಲ. 590 ಮತ್ತು 584ರದ್ದೇ ಅಪಾಯ: 590ರ ಟೈರನ್ನು 584ರ ರಿಮ್ಮಿಗೆ ಹಾಕಿದರೆ ಸಲೀಸಾಗಿ ಕೂರುತ್ತದೆ, ಗಾಳಿ ತುಂಬಿದ ಮೇಲೆ ಕಳಚಿಕೊಳ್ಳುತ್ತದೆ. ಅಕ್ಷರ ಅಳಿಸಿಹೋಗಿದ್ದರೆ ಟೈರ್ ಕೂರುವ ಜಾಗಕ್ಕೆ ದಾರ ಸುತ್ತಿ ಅಳೆಯಿರಿ. 1853 ಮಿಮೀ ಆಸುಪಾಸು ಬಂದರೆ 590, 1835 ಬಂದರೆ 584.

ದಾನದ ಟೈರ್ ವಾಪಸ್ ಕೊಡಿ. ಟ್ಯೂಬ್ ಇದ್ದರೆ ಇಟ್ಟುಕೊಳ್ಳಿ, ಸ್ವಲ್ಪ ಹಿಗ್ಗಿಸಿ ಬಳಸಬಹುದು.

ಇನ್ನೊಂದು ಮಾತು, ಬೇಜಾರಾಗಬೇಡಿ. ಈ ಹಳೇ ಮಾದರಿಯೇ ವಾಸಿ. ಕಾಟರ್ ಪಿನ್, ½ × ⅛ ಚೈನ್, ಕೋನ್, ಕಪ್ಪು, ಯಾವ ಕಂಪನಿಯದ್ದಾದರೂ ಒಂದಕ್ಕೊಂದು ಕೂರುತ್ತವೆ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಸೈಕಲ್ ಕಂಪನಿಯವರ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿತು. ಆದರೂ ಆ ಸೈಕಲ್‌ಗೆ ಬೇಕಾದ ಪಿನ್ನು, ಗುಂಡು ಇವತ್ತಿಗೂ ಸಿಗುತ್ತವೆ, ಲೂಧಿಯಾನದ ಸಣ್ಣ ಘಟಕಗಳು ಮಾಡುತ್ತಲೇ ಇವೆ. ಈಗ ಮಕ್ಕಳು ಕೇಳುವ ಡಿಸ್ಕ್ ಬ್ರೇಕ್, ಸಸ್ಪೆನ್ಷನ್ ಇರುವ ಫ್ಯಾನ್ಸಿ ಸೈಕಲ್‌ಗೆ ಎರಡು ವರ್ಷ ಬಿಟ್ಟು ಅದೇ ಆಕಾರದ ಬ್ರೇಕ್ ಪ್ಯಾಡ್ ತಾಲೂಕು ಪೇಟೆಯಲ್ಲಿ ಹುಡುಕಿ ನೋಡಿ. ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಬಿಡಿಭಾಗಕ್ಕೂ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಬಿಲ್ ಹಾಕಿಸುವಾಗ ನೋಡಿಕೊಳ್ಳಿ.

ತುಂಗಾತೀರ_ಸವಾರ

ತುಂಬಾ ಉಪಕಾರವಾಯಿತು. ಪಿನ್ ಬಡಿಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ ಅನ್ನುವುದು ಈಗ ಗೊತ್ತಾಯಿತು 😅 ಚೈನ್ ಎಲ್ಲ ಹೊಸದೇ ಹಾಕಬೇಕಾ?

ಕೋನ್_ಕಪ್ಪು

ಬೇಡ. ಡೀಸೆಲ್‌ನಲ್ಲಿ ತೊಳೆದು ಸ್ಕೇಲ್ ಇಟ್ಟು ಅಳೆಯಿರಿ. ಒಂದು ಪಿನ್ನಿನಿಂದ (ಅದನ್ನು ಎಣಿಸದೆ) ಮುಂದಿನ 24ನೇ ಪಿನ್ನಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು. 12⅛ ದಾಟಿದ್ದರೆ ಮಾತ್ರ ಬದಲಿಸಿ, 112 ಲಿಂಕಿನದು ಕೇಳಿ. ಕೊಂಡಿ ಹಾಕುವಾಗ ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗಿರಲಿ. ಉಲ್ಟಾ ಹಾಕಿದರೆ ಎಲ್ಲಾದರೂ ತಾಗಿ ಹಾರಿಹೋಗುತ್ತದೆ.

ಪಿನ್ ಬಡಿಯುವುದಕ್ಕೆ ನಿಮ್ಮೂರಿನ ಸೈಕಲ್ ಶಾಪಿನ ಮೇಸ್ತ್ರಿಯನ್ನೇ ಕರೆಯಿರಿ, ದಿನಗೂಲಿ ಕೊಟ್ಟು. ಪುಕ್ಕಟೆ ಬನ್ನಿ ಅನ್ನಬೇಡಿ. ಸಾಮಾನೂ ಆದಷ್ಟು ಅವರ ಮೂಲಕವೇ ತರಿಸಿ, ಅವರಿಗೆ ಡಜನ್ ರೇಟು ಗೊತ್ತಿರುತ್ತದೆ. ನೀವು ಎರಡು ವಾರ ಬಿಟ್ಟು ಹೋಗುತ್ತೀರಿ, ಮೂರನೇ ವಾರ ಪಂಕ್ಚರ್ ಆದ ಹುಡುಗಿ ಹೋಗಬೇಕಾದದ್ದು ಅವರ ಹತ್ತಿರಕ್ಕೇ. ಕ್ಲಬ್ಬುಗಳು ಉಚಿತ ಶಿಬಿರ ಮಾಡಿ ಅಂಗಡಿಯವರ ಹೊಟ್ಟೆ ಮೇಲೆ ಹೊಡೆದರೆ, ಆ ಶಟರ್ ಮುಂದಿನ ವರ್ಷ ಮೊಬೈಲ್ ಅಂಗಡಿ ಆಗಿರುತ್ತದೆ.

ಮಲಪ್ರಭಾ_ಪೆಡಲ್

ಗಾಳಿ ನಿಲ್ಲಂಗಿಲ್ಲ ಅಂದ್ರಲ್ಲ, ಟ್ಯೂಬ್ ಬಿಚ್ಚೂ ಮೊದಲ ವಾಲ್‌ಟ್ಯೂಬ್ ನೋಡ್ರಿ. ವಾಲ್ವಿನ ಒಳಗಿನ ಕಡ್ಡಿಗೆ ಹಾಕಿರೋ ರಬ್ಬರ್ ನಾಕೈದು ವರ್ಷ ಬಿಸಿಲಾಗ ನಿಂತ್ರ ಅಂಟಂಟಾಗಿ ಸೀಳಿರ್ತದ. ತುದಿಗೆ ಎಂಜಲಾ ಹಚ್ಚಿದ್ರ ಗುಳ್ಳಿ ಬರ್ತದ, ಅಷ್ಟೇ ಪರೀಕ್ಷಾ. ಒಂದಕ್ಕ ಮೂರು ಸೆಂಟಿಮೀಟರ್ ಸಾಕು, 44ಕ್ಕ ಒಂದೂವರಿ ಮೀಟರ್ ಒಳಗ ಆಗ್ತದ. ಎರಡು ಮೀಟರ್ ತಂದು, ಉಳಿದದ್ದು ಪಿ.ಟಿ. ಮಾಸ್ತರ ಕೈಯಾಗ ಕೊಡ್ರಿ.