ಹಿತ್ತಲಲ್ಲಿ ಬೆಂಕಿ ಕಾಯಿಸಿಕೊಳ್ಳಲು ಏನು ಇಟ್ಟರೆ ಒಳ್ಳೆಯದು?

ಹಿಂದವಾಡಿ ಅಕ್ಕ:
ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆ. ಹಿಂದೆ 25 ಅಡಿ ಅಗಲ, 30 ಅಡಿ ಉದ್ದದ ಹಿತ್ತಲು. ಒಂದು ಮೂಲೆಯಲ್ಲಿ ಮಾವಿನ ಮರ, ನಡುವೆ ಬಟ್ಟೆ ಒಣಹಾಕುವ ಹಗ್ಗ. ಡಿಸೆಂಬರ್ ಥಂಡಿಗೆ ಸಂಜೆ ಎಲ್ಲರೂ ಸುತ್ತ ಕೂರೋಣ ಅಂತ ಮಗನ ಹಟ. ಯಾವುದೋ ರಿಸಾರ್ಟ್‌ನಲ್ಲಿ ಗ್ಯಾಸಿನ ಫೈರ್ ಪಿಟ್ ನೋಡಿ ಬಂದಿದ್ದಾನೆ. ನಮ್ಮ ಯಜಮಾನರದು ಬೇರೆ ಲೆಕ್ಕ. ನೆಲ ಅಗೆದು ಸುತ್ತ ಕಲ್ಲು ಜೋಡಿಸೋಣ ಅನ್ನುತ್ತಾರೆ. ಖಾನಾಪುರಕ್ಕೆ ಹೋದಾಗ ಮಲಪ್ರಭೆ ದಂಡೆಯಿಂದ ತಂದ ನುಣ್ಣನೆ ಕಲ್ಲು ಒಂದು ಚೀಲ ಸುಮ್ನೆ ಬಿದ್ದಿವೆ. ಗುಜರಿಯ ತಗಡಿನ ಡ್ರಮ್ ಅರ್ಧ ಕತ್ತರಿಸಿದರೆ ಸಾಕಲ್ವಾ ಅಂತ ನಾನು. ಅತ್ತೆಗೆ 78 ವರ್ಷ, ನೈಲಾನ್ ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಅದೇ ನನಗೆ ಚಿಂತೆ.

ಉದ್ಯಮಬಾಗದ ವೆಲ್ಡರ್:
ಅಕ್ಕಾರ, ಡ್ರಮ್ ಬೇಡ. ಒಳಗೆ ಮೊದಲು ಏನಿತ್ತೋ ಯಾರಿಗೆ ಗೊತ್ತು? ಥಿನ್ನರ್ ಇದ್ದ ಖಾಲಿ ಡ್ರಮ್ ಕತ್ತರಿಸುವಾಗ ಕಿಡಿ ತಾಗಿದರೆ ಬಾಂಬ್ ಥರ ಸಿಡಿಯುತ್ತದೆ. ಬಿಳಿ ತಗಡಾಗಿದ್ದರೆ ಮೇಲೆ ಸತು ಇರುತ್ತದೆ. ಜೋರು ಬೆಂಕಿಗೆ ಅದು ಬಿಳಿ ಹೊಗೆಯಾಗಿ ಏಳುತ್ತದೆ. ಕೆಲಸ ಕಲಿಯುವಾಗ ಆ ಹೊಗೆ ಕುಡಿದು ರಾತ್ರಿಯಿಡೀ ಗಡಗಡ ನಡುಗಿದ್ದೆ. ಮಲೇರಿಯಾ ಅಂದುಕೊಂಡಿದ್ದರು ಮನೆಯಲ್ಲಿ.

ಹೊಳೆ ಕಲ್ಲಂತೂ ಮುಟ್ಟಲೇಬೇಡಿ. ಒಳಗೆ ನೀರು ಹಿಡಿದಿರುತ್ತದೆ. ಕಾದಾಗ ಆವಿಗೆ ಜಾಗ ಸಿಗದೆ ಕಲ್ಲೇ ಒಡೆದು ಚೂರು ಹಾರುತ್ತವೆ.

3 ಎಂಎಂ ಕಬ್ಬಿಣದ ಹಾಳೆಯ ಬೋಗುಣಿ ಮಾಡಿಸಿ. ಎರಡೂವರೆ ಅಡಿ ಅಗಲ, ಮೂರು ಕಾಲು. ತಳಕ್ಕೆ ಒಂದು ತೂತು ಬೇಕೇಬೇಕು, ನಮ್ಮೂರ ಮಳೆ ಗೊತ್ತಲ್ಲ, ನೀರು ನಿಂತರೆ ಬೂದಿಯ ಜೊತೆ ಸೇರಿ ಕಬ್ಬಿಣ ತಿಂದುಹಾಕುತ್ತದೆ. ಮೇಲೆ ಜಾಲರಿ ಮುಚ್ಚಳ ಇದ್ದರೆ ಕಿಡಿ ಹಾರುವುದಿಲ್ಲ. ಬಣ್ಣ ಹಚ್ಚಬೇಡಿ.

ವಿಜಯಪುರ ಹಿತ್ತಲು:
ಗ್ಯಾಸಿನ ಬಗ್ಗೆ ಒಂದು ಮಾತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ತಗ್ಗಿನಲ್ಲಿ ಕೂರುತ್ತದೆ. ಅಗೆದ ಗುಂಡಿಯಲ್ಲಿ ಅದು ಬೇಡ. ಅಡುಗೆಯ 14.2 ಕೆಜಿ ಸಿಲಿಂಡರನ್ನು ಹಿತ್ತಲಿಗೆ ಎಳೆಯುವುದಂತೂ ಬೇಡವೇ ಬೇಡ.

ಈಗ ನನ್ನ ಪೆದ್ದತನ ಕೇಳಿ. ಹೋದ ಚಳಿಗಾಲ ರಾತ್ರಿ ಹತ್ತಕ್ಕೆ ಬೆಂಕಿಗೆ ಒಂದು ತಂಬಿಗೆ ನೀರು ಚಿಮುಕಿಸಿ ಮಲಗಿದೆ. ಬೆಳಿಗ್ಗೆ ಕೈಯಿಟ್ಟು ನೋಡಿದರೆ ಮೇಲಿನ ಬೂದಿ ತಣ್ಣಗಿತ್ತು. ಪ್ಲಾಸ್ಟಿಕ್ ಬುಟ್ಟಿಗೆ ತುಂಬಿ ಕಣಿಕೆ ಬಣವಿಯ ಪಕ್ಕ ಇಟ್ಟೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸುಟ್ಟ ಪ್ಲಾಸ್ಟಿಕ್ ವಾಸನೆ. ಹೋಗಿ ನೋಡಿದರೆ ಬುಟ್ಟಿಗೆ ತಳವೇ ಇಲ್ಲ, ಬಣವಿಯ ಅಂಚು ಹತ್ತಿಕೊಂಡಿತ್ತು. ಪಕ್ಕದ ಮನೆಯವರು ಕೊಡ ಕೊಡ ನೀರು ಸುರಿದರು, ಉಳಿಯಿತು. ಬೂದಿಯೊಳಗೆ ಕೆಂಡ ಒಂದು ದಿನಕ್ಕಿಂತ ಜಾಸ್ತಿ ಬದುಕಿರುತ್ತದೆ. ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ಹಾಕಿ. ಮುಚ್ಚಳ ಇರುವ ಕಬ್ಬಿಣದ ಡಬ್ಬಿಯಲ್ಲೇ ಇಡಿ.

ಕಟ್ಟಿಗೆ ಒಣ ಜಾಲಿ. ಪ್ಲೈವುಡ್ ಚೂರು, ಬಣ್ಣದ ಹಲಗೆ ಬೇಡ. ಪೆಟ್ರೋಲ್ ಹಾಕಿ ಹಚ್ಚುವ ಶೂರರಿದ್ದರೆ ಹೊರಗೆ ಕಳಿಸಿ. ಥಂಡಿ ಜಾಸ್ತಿ ಅಂತ ಕೆಂಡದ ಬೋಗುಣಿಯನ್ನು ಕೋಣೆಯೊಳಗೆ ತರಬೇಡಿ. ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಅತ್ತೆಯವರಿಗೆ ಹತ್ತಿ ಸೀರೆ ಉಡಿಸಿ. ನೈಲಾನ್ ಕರಗಿ ಮೈಗೆ ಅಂಟುತ್ತದೆ.

ಹಿಂದವಾಡಿ ಅಕ್ಕ:
ಟೇಪ್ ಹಿಡಿದು ಅಳೆದೆವು. ಗೋಡೆಯಿಂದ 10 ಅಡಿ, ಮರದ ಕೊಂಬೆಯಿಂದಲೂ ಅಷ್ಟೇ ಬಿಟ್ಟರೆ ಸರಿಯಾಗಿ ಬಟ್ಟೆ ಹಗ್ಗದ ಕೆಳಗೇ ಬರುತ್ತದೆ. ಹಗ್ಗ ಮಹಡಿಗೆ ಹೋಯಿತು. ಮಗ ಮುಖ ಸಿಂಡರಿಸಿದ್ದಾನೆ, ಬೋಗುಣಿಗೆ ಒಪ್ಪಿದ್ದಾನೆ. ಅತ್ತೆಗೆ ಸೀರೆ ವಿಷಯ ಹೇಳಿದರೆ, "ಅದು ಇರಲಿ, ಅದರಲ್ಲಿ ಸೀತನಿ (ಎಳೆ ಜೋಳದ ತೆನೆ) ಸುಡಲು ಬರುತ್ತಾ ಕೇಳು" ಅಂದರು.

ಉದ್ಯಮಬಾಗದ ವೆಲ್ಡರ್:
ಬರುತ್ತದೆ ಅಕ್ಕಾರ. ಹೊಸ ಹಾಳೆಗೆ ಎಣ್ಣೆ ಸವರಿರುತ್ತಾರೆ, ಮೊದಲು ಎರಡು ಸಲ ಬರೀ ಬೆಂಕಿ ಹಾಕಿ ಸುಟ್ಟುಬಿಡಿ. ಆಮೇಲೆ ಕುಳ್ಳು (ಬೆರಣಿ) ಹಾಕಿ ಕೆಂಡ ಮಾಡಿ. ಶೇಂಗಾ ಚಟ್ನಿ ಮಾಡಿದ ದಿನ ನನಗೂ ಹೇಳಿ.