ಪದ ಬೇಕಿದೆ: ‘ಮಾಡೆಲ್’ಗೆ ‘ಮಾದರಿ’ ಅಂದರೆ ಆಗುತ್ತಾ?

ಶಿರಸಿಯಿಂದ:
ನಮಸ್ಕಾರ. ನಾಳೆ ಸಂಜೆಯೊಳಗೆ ಬ್ಯಾನರ್ ಅಚ್ಚಿಗೆ ಕೊಡಬೇಕು. ಅಡಿಕೆ ಬೆಳೆಗಾರರ ಸಭೆ. ಇಲ್ಲಿ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ. ಆದರೂ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ರೈತರು ಯಾವಾಗ, ಎಷ್ಟು ನೀರು ಬಿಡುತ್ತಾರೆ ಅನ್ನುವುದರ ಮೇಲೆ ಅಂತರ್ಜಲ ಹೇಗೆ ಏರಿಳಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಮಾಡೆಲ್ ಬಗ್ಗೆ ಈ ಬ್ಯಾನರ್. ನಾನು ‘ರೈತರ ನೀರಾವರಿ ಮಾದರಿ’ ಅಂತ ಬರೆದೆ. ಅಪ್ಪ ಓದಿ, ‘ಯಾರ ತೋಟವನ್ನು ಮಾದರಿ ತೋಟ ಮಾಡಿದ್ರು?’ ಅಂತ ಕೇಳಿದರು. ಅವರ ತಪ್ಪಲ್ಲ. ಮಾದರಿ ರೈತ, ಮಾದರಿ ಶಾಲೆ ಅಂದರೆ ಅದೇ ಅರ್ಥ ತಾನೇ?

ಇನ್ನೆರಡು ಪದ: ಅಕ್ವಿಫರ್ (ನೆಲದಡಿ ನೀರು ಹಿಡಿದಿಡುವ ಕಲ್ಲು-ಮಣ್ಣಿನ ಪದರ) ಮತ್ತು ಏಜೆಂಟ್ (ಮಾಡೆಲ್ಲಿನೊಳಗೆ ತಾನೇ ತೀರ್ಮಾನಿಸುವ ರೈತ). 1984ರಲ್ಲಿ ಅಮೆರಿಕದಲ್ಲಿ ಬಂದ ಅಂತರ್ಜಲದ ಕಂಪ್ಯೂಟರ್ ಪ್ರೋಗ್ರಾಂ ಮಾಡ್‌ಫ್ಲೋ ನೆಲವನ್ನು ಚೌಕಗಳಾಗಿ ಸೀಳಿ ನೀರಿನ ಹರಿವು ಲೆಕ್ಕ ಹಾಕುತ್ತದೆ. ಪಂಪು ಎಷ್ಟು ಎತ್ತಿತು ಅಂತ ಅದಕ್ಕೆ ನಾವೇ ಹೇಳಬೇಕು. ಏಜೆಂಟ್ ಸೇರಿಸಿದರೆ ಪ್ರತಿ ರೈತನೂ ತನ್ನ ಬಾವಿ, ಪಕ್ಕದವರ ಬೋರು, ಕರೆಂಟಿನ ಹೊತ್ತು ನೋಡಿ ತಾನೇ ತೀರ್ಮಾನಿಸುತ್ತಾನೆ. ಅಕ್ವಿಫರ್‌ಗೆ ‘ಜಲಧರ’ ಆಗುತ್ತಾ?

ಕುಮಟಾದಿಂದ:
ಜಲಧರ ಬೇಡವೇ ಬೇಡ. ಕಾವ್ಯ ಓದಿದವರಿಗೆ ಜಲಧರ ಅಂದರೆ ಮೋಡ. ಲ್ಯಾಟಿನ್ನಿನ ‘ನೀರು ಹೊರುವುದು’ ಅನ್ನುವುದನ್ನು ಸಂಸ್ಕೃತಕ್ಕೆ ತಿರುಗಿಸಿ ಮೋಡವನ್ನು ನೆಲದಡಿ ಹೂತಿದ್ದಾರೆ. ‘ನೀರ್ಪದರ’ ಅನ್ನಿ. ಅಂತರ್ಜಲವನ್ನೂ ಬಿಟ್ಟು ‘ಒಳನೀರು’ ಅನ್ನಿ. ನಮ್ಮದೇ ಬೇರಿನ ಪದ ಇರುವಾಗ ಸಾಲ ಯಾಕೆ? ಮಾಡೆಲ್‌ಗೆ ‘ಅಣಕು ಲೆಕ್ಕ’ ಸಾಕು.

ಹೊನ್ನಾವರದಿಂದ:
ಹಾಗಾದರೆ ಬಾವಿಯನ್ನು ಏನು ಮಾಡುತ್ತೀರಿ? ಅದು ಸಂಸ್ಕೃತದ ‘ವಾಪಿ’. ಬೋರು, ಪಂಪು, ಕರೆಂಟು ತೆಗೆದರೆ ತೋಟದಲ್ಲಿ ಮಾತೇ ಇರಲ್ಲ ಮಾರಾಯ್ರೆ. ಅಂತರ್ಜಲ ಬೋರು ಕೊರೆಯುವವರ ಬಾಯಲ್ಲೂ ಇದೆ. ನೀರ್ಪದರ ಒಪ್ಪಿದೆ. ಅಣಕು ಬೇಡ, ರೈತರನ್ನು ಅಣಕಿಸಿದ ಹಾಗಾಗುತ್ತದೆ.

ಏಜೆಂಟ್ ಅಂದರೆ ಜನ ಇನ್ಶೂರೆನ್ಸ್ ಅಂದುಕೊಳ್ಳುತ್ತಾರೆ. ‘ಪಾತ್ರ’ ಅನ್ನಿ. ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ನೋಡಿದ್ದೀರಲ್ವಾ? ಪ್ರಸಂಗ ಗೊತ್ತು, ಪದ್ಯ ಗೊತ್ತು. ಅರ್ಥ ಹೇಳುವಾಗ, ಅಂದರೆ ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡುವಾಗ ಮಾತ್ರ, ಎದುರಿನ ಪಾತ್ರ ಏನಂದಿತು ಅಂತ ಕೇಳಿಯೇ ಉತ್ತರ ಕೊಡಬೇಕು. ಮಳೆ, ಜಂಬಿಟ್ಟಿಗೆ ನೆಲ, ಬಾವಿಯ ಆಳ ಇವೆಲ್ಲ ಪ್ರಸಂಗ. ಪಕ್ಕದವರು ಬೋರು ಹೊಡೆಸಿದರು ಅಂತ ನಾನೂ ಹೊಡೆಸುವುದು ಅರ್ಥಗಾರಿಕೆ.

ಕಾರವಾರದಿಂದ:
ಸುಮ್ನೆ ‘ಮಾಡೆಲ್’ ಅಂತಲೇ ಹಾಕಿ. ಎಲ್ಲರಿಗೂ ಗೊತ್ತು.

ಶಿರಸಿಯಿಂದ:
ಗೊತ್ತಿರುವುದು ಬಟ್ಟೆ ಅಂಗಡಿಯ ಮಾಡೆಲ್, ಸರ್. ‘ಪಾತ್ರ’ ತುಂಬಾ ಹಿಡಿಸಿತು. ಮಾಡೆಲ್‌ಗೆ ‘ಹೀಗಾದರೆ ಹೇಗೆ ಲೆಕ್ಕ’ ಅಂತ ಬರೆಯುತ್ತಿದ್ದೇನೆ. ಬರೀ ಲೆಕ್ಕ ಅಂದರೆ ಒಂದೇ ಉತ್ತರ ಅನ್ನಿಸುತ್ತದೆ. ಇಲ್ಲಿ ಮತ್ತೆ ಮತ್ತೆ ಓಡಿಸಿ ನೋಡಬೇಕು. ಎಲ್ಲರೂ ಡ್ರಿಪ್ ಹಾಕಿದರೆ ನೀರು ಉಳಿಯುತ್ತದೆ ಅನ್ನುತ್ತೇವೆ. ಉಳಿದ ನೀರನ್ನು ನಂಬಿ ಗದ್ದೆಯನ್ನೂ ತೋಟ ಮಾಡಿದರೆ? ಮೊದಲು ಜಾಸ್ತಿ ಬಿಟ್ಟ ನೀರಲ್ಲಿ ಒಂದಿಷ್ಟು ಇಂಗಿ ಬಾವಿಗೇ ಮರಳುತ್ತಿತ್ತು, ಅದೂ ಕಡಿಮೆಯಾಗುತ್ತದೆ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ. ಒಂದು ಗಂಟೆ ಹೆಚ್ಚು ಓಡಿಸಿದರೆ ಕೈಯಿಂದ ಏನೂ ಹೋಗಲ್ಲ. ಪಾತ್ರ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಉಳಿದದ್ದು ರೀಚಾರ್ಜ್ ಒಂದೇ, ಅಂದರೆ ನೀರು ಇಂಗಿ ಅಂತರ್ಜಲ ಮತ್ತೆ ತುಂಬುವುದು. ‘ಮರುಪೂರಣ’ ಅಪ್ಪನ ಬಾಯಲ್ಲಿ ತಿರುಗುತ್ತಿಲ್ಲ. ಇಂಗುಗುಂಡಿ ಎಲ್ಲರಿಗೂ ಗೊತ್ತಲ್ಲ, ‘ಇಂಗಿಕೆ’ ಅಂದರೆ ಸಾಕಾ? ಬೆಳಿಗ್ಗೆ ಹತ್ತರೊಳಗೆ ತಿಳಿಸಿ.